ಮೇಲಿನ ಹಲ್ಲು

ಈ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಪಕ್ಕದಲ್ಲಿಟ್ಟಿದ್ದ ಫೋನು ಸದ್ದು ಮಾಡಿತು. ತಿಪಟೂರಿನಿಂದ ಅಮ್ಮ ಫೋಟೋ ಕಳಿಸಿದ್ದಳು. ಅಮ್ಮ ತೆಗೆಯುವ ಫೋಟೋಗಳಲ್ಲಿ ಅರ್ಧ ಭಾಗ ಅವಳ ಬೆರಳೇ ಇರುತ್ತದೆ. ಇದರಲ್ಲೂ ಬೆರಳಿತ್ತು, ಆದರೆ ಈ ಸಲ ಬೇಕೆಂದೇ ಇಟ್ಟ ಬೆರಳು. ಅದು ನನ್ನ ತಮ್ಮನ ಪುಟ್ಟ ಮಗನ ಮೇಲ್ದುಟಿಯನ್ನು ಎತ್ತಿ ಹಿಡಿದಿತ್ತು. ವಸಡಿನಲ್ಲಿ ನುಚ್ಚಕ್ಕಿಯಂಥ ಎರಡು ಬಿಳಿ ಚುಕ್ಕೆ. ಕೆಳಗೆ ಅಮ್ಮನ ವಾಯ್ಸ್ ಮೆಸೇಜು: “ನೋಡೆ, ನಿನ್ನ ಅಳಿಯನಿಗೆ ಹಲ್ಲು ಬಂತು! ಮೇಲಿಂದೇ ಮೊದ್ಲು ಬಂದಿದೆ ಕಣೆ!” ಆ ದನಿಯಲ್ಲಿ ಹಬ್ಬದ ಸಡಗರವಿತ್ತು.

ಸೋದರತ್ತೆಯಾದವಳು ಇಂಥ ಹೊತ್ತಿನಲ್ಲಿ ಒಂದು ಕೆಂಪು ಹೃದಯವನ್ನು ಕಳಿಸಬೇಕು. ಕಳಿಸಿದೆ. ಆಮೇಲೆ ಅದೇ ದನಿಯನ್ನು ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಅಷ್ಟರಲ್ಲಿ ರವೆ ಸೀದು ಮನೆಯೆಲ್ಲ ಹೊಗೆ. ಒಳಗಿನಿಂದ ನನ್ನ ಮಗಳು ಚಿನ್ನಿ “ಅಮ್ಮಾ, ಏದೋ ಮಾಡುತುಂದಿ!” ಎಂದು ತೆಲುಗಿನಲ್ಲಿ ಕೂಗಿದಳು, ಏನೋ ಸೀಯುತ್ತಿದೆ ಎಂದು. ಹೌದು ಮಗಳೇ, ಸೀಯುತ್ತಿದೆ. ಏಳು ವರ್ಷದಿಂದ ಸೀಯುತ್ತಲೇ ಇದೆ. ಒಂದು ಕೂಸಿಗೆ ಹಲ್ಲು ಬಂದದ್ದಕ್ಕೆ ಇವಳಿಗೇನು ಸಂಕಟ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ. ಹೇಗೂ ತಿಂಡಿ ಹಾಳಾಗಿದೆ.

ಆಗ ನಾವು ವಿಶಾಖಪಟ್ಟಣದ ಗಾಜುವಾಕದಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ, ಬೀದಿ ಮಾತ್ರ ಬೇರೆ. ನನ್ನ ಗಂಡ ವಿಜಯವಾಡದವನು, ಇಲ್ಲಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಾನು ಪರವಾಡದ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿದ್ದೆ. ತಯಾರಾದ ಮಾತ್ರೆ, ಪುಡಿಗಳ ಸ್ಯಾಂಪಲ್ ನಮ್ಮ ಮೇಜಿಗೆ ಬರುತ್ತಿತ್ತು. ನಾವು ಸರಿ ಅಂದರೆ ಅದು ಮುಂದೆ ಹೋಗಬೇಕು, ಇಲ್ಲ ಅಂದರೆ ಇಡೀ ಸರಕು ಅಲ್ಲೇ ನಿಲ್ಲಬೇಕು. ಮನೆಯಲ್ಲಿ ಸಾರಿಗೆ ಉಪ್ಪು ಸಾಕೋ ಬೇಕೋ ಎಂಬುದಕ್ಕೂ ನನ್ನ ಮಾತು ನಡೆಯದ ಕಾಲದಲ್ಲಿ, ಅಲ್ಲಿ ನಾನು ಬೇಡ ಎಂದರೆ ಲಾರಿ ನಿಲ್ಲುತ್ತಿತ್ತು. ಆ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಬಿಳಿ ಕೋಟಿನ ಜೇಬಿನ ಮೇಲೆ ನೀಲಿ ದಾರದಲ್ಲಿ ನನ್ನ ಹೆಸರು ಹೊಲಿದಿದ್ದರು. ಆಂಧ್ರಕ್ಕೆ ಬಂದ ಮೇಲೆ ಎಲ್ಲರೂ ನನ್ನನ್ನು ಅವನ ಹೆಂಡತಿ, ಇವಳ ಅಮ್ಮ, ಕನ್ನಡದಮ್ಮಾಯಿ ಎಂದೇ ಕರೆದರು. ನನ್ನ ಹೆಸರು ಪೂರ್ತಿಯಾಗಿ ಉಳಿದದ್ದು ಆ ಜೇಬಿನ ಮೇಲೆ ಮಾತ್ರ.

ಈ ಕೆಲಸ ನನಗೆ ಸಿಕ್ಕಿದ್ದರಲ್ಲಿ ಅಮ್ಮನದೇ ದೊಡ್ಡ ಪಾಲು. ಡಿಗ್ರಿ ಸಾಕು, ಮದುವೆ ಮಾಡೋಣ ಎಂದು ಅಪ್ಪ ಹೊರಟಾಗ ಅಮ್ಮ ಅವರೊಂದಿಗೆ ಮಾತು ಬಿಟ್ಟಳು. ಮೂರು ಹೊತ್ತೂ ತಟ್ಟೆಯಲ್ಲಿ ಬಡಿಸಿ ಎದುರಿಗಿಟ್ಟು ಒಳಗೆ ಹೋಗಿಬಿಡುವುದು. ಬೇಕೇ ಬೇಡವೇ ಎಂಬ ಮಾತಿಲ್ಲ. ಅಪ್ಪ ಬಡಪಾಯಿ, ಎರಡನೆಯ ಸಲ ಅನ್ನ ಕೇಳಲಾಗದೆ ಅರ್ಧ ಹೊಟ್ಟೆಯಲ್ಲೇ ಎದ್ದು ಎದ್ದು ಕೊನೆಗೆ ನನ್ನನ್ನು ಮೈಸೂರಿಗೆ ಎಂಎಸ್ಸಿ ಓದಲು ಕಳಿಸಿದರು. ಈ ಕಥೆಯನ್ನು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಇವತ್ತು ಲೆಕ್ಕಕ್ಕೆ ಬೇಕೆಂದು ಹೇಳಿದೆ ಅಷ್ಟೆ.

ಹೆರಿಗೆ ರಜೆಯ ಜೊತೆಗೆ ಕೂಡಿಟ್ಟ ರಜೆಯನ್ನೂ ಸೇರಿಸಿ ಚಿನ್ನಿಯನ್ನು ನೋಡಿಕೊಂಡೆ. ಅದು ಮುಗಿಯುವ ಹೊತ್ತಿಗೆ ಅಮ್ಮ ತಿಪಟೂರಿನಿಂದ ರಾಗಿ ಹಿಟ್ಟಿನ ಡಬ್ಬಗಳೊಂದಿಗೆ ಬಂದಿಳಿದಳು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಹಳೆಯ ಮಲ್ಲಿನ ಪಂಚೆಯಲ್ಲಿ ಜರಡಿ ಹಿಡಿದ ಹಿಟ್ಟು ಅದು. ಅದರಲ್ಲಿ ಕಾಸಿದ ಸರಿ ಕುಡಿದರೆ ಮಗು ಕಲ್ಲುಗುಂಡಿನಂತೆ ಆಗುತ್ತದಂತೆ. ಇತ್ತ ವಿಜಯವಾಡದಿಂದ ಅತ್ತಯ್ಯ, ಅಂದರೆ ನನ್ನ ಅತ್ತೆ, ಉಗ್ಗಿನ ಪುಡಿಯ ಡಬ್ಬದೊಂದಿಗೆ ಇಳಿದರು. ಅಕ್ಕಿ, ಹೆಸರುಬೇಳೆ, ಒಂಚೂರು ಓಮ. ಅದನ್ನು ತಿಂದರೆ ಮಗು ಬೆಣ್ಣೆಯ ಮುದ್ದೆಯಂತೆ ಆಗುತ್ತದಂತೆ. ನನಗೆ ಕಲ್ಲೂ ಬೇಡ, ಬೆಣ್ಣೆಯೂ ಬೇಡ, ಮಗುವಿನಂಥ ಮಗು ಸಾಕಿತ್ತು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರುತ್ತಿರಲಿಲ್ಲ. ಆದರೂ ಅತ್ತಯ್ಯ ಅಮ್ಮನನ್ನು ತೆಲುಗರ ರೂಢಿಯಂತೆ “ವದಿನಗಾರೂ”, ಅತ್ತಿಗೆಯವರೇ, ಎನ್ನುವುದು, ಅಮ್ಮ ಅವರನ್ನು “ಬನ್ನಿ ಬೀಗರೇ” ಎನ್ನುವುದು, ಒಬ್ಬರ ಅಡುಗೆಯನ್ನು ಇನ್ನೊಬ್ಬರು ಹೊಗಳುವುದು, ಒಬ್ಬರು ಕೂತರೆ ಇನ್ನೊಬ್ಬರು ಏಳುವುದು! ಅಷ್ಟು ಮರ್ಯಾದೆಯನ್ನು ನಾನು ಯಾವ ಮದುವೆ ಮನೆಯಲ್ಲೂ ಕಂಡಿಲ್ಲ. ಮರ್ಯಾದೆ ಹೆಚ್ಚಾದ ಮನೆಯಲ್ಲಿ ಹುಷಾರಾಗಿರಬೇಕೆಂದು ಆಗ ನನಗೆ ತಿಳಿದಿರಲಿಲ್ಲ.

ನಾನು ಬಸ್ಸು ಹತ್ತಲು ಶುರುಮಾಡಿದೆ. ಮೊದಮೊದಲು ಎಲ್ಲವೂ ಚೆನ್ನಾಗಿತ್ತು. ಚಿನ್ನಿ ಬೆಳಿಗ್ಗೆ ಸರಿಯನ್ನೂ ಮಧ್ಯಾಹ್ನ ಉಗ್ಗನ್ನೂ ಪಕ್ಷಪಾತವಿಲ್ಲದೆ ಚಪ್ಪರಿಸಿ, ಬೀಗಿತ್ತಿಯರಿಬ್ಬರ ಮಾನವನ್ನೂ ಉಳಿಸುತ್ತಿದ್ದಳು. ಆಮೇಲೆ ಒಂದು ದಿನ ಸಂಜೆ ಮನೆಗೆ ಬಂದರೆ ಇಬ್ಬರೂ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಮಗು ಬಾಯಿ ತೆರೆಯುತ್ತಿಲ್ಲ. ಚಮಚ ಹತ್ತಿರ ಬಂದರೆ ತುಟಿ ಬಿಗಿ. ಒಂದು ಹನಿ ಒಳಗೆ ಹೋದರೂ ಉಗಿದು ಚೀರಾಟ. ಹಾಲು ಮಾತ್ರ, ಅದೂ ಅಷ್ಟೋ ಇಷ್ಟೋ.

ಮಗು ಊಟ ಬಿಟ್ಟರೆ ದೊಡ್ಡವರು ಎಷ್ಟು ಕುಣಿಯಬಲ್ಲರು ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಬಾಲ್ಕನಿಯಲ್ಲಿ ನಿಂತು ಬಸ್ಸು, ಆಟೋ, ಕಾಗೆ ತೋರಿಸಿದೆವು. ನನ್ನ ಗಂಡ ತಲೆಯ ಮೇಲೆ ಸ್ಟೀಲ್ ಪಾತ್ರೆ ಬೋರಲು ಹಾಕಿಕೊಂಡು ಕುಣಿದ. ಮಗು ನಕ್ಕಿತು, ತುಟಿ ಬಿಚ್ಚದೆಯೇ ನಕ್ಕಿತು. ಸಮುದ್ರದ ಗಾಳಿಗೆ ಹಸಿವಾಗುತ್ತದೆಂದು ಯಾರೋ ಹೇಳಿದ್ದಕ್ಕೆ ಭೀಮುನಿಪಟ್ಟಣದವರೆಗೆ ಹೋದೆವು. ಅಲ್ಲಿ ನಮಗೆ ಹಸಿವಾಯಿತು, ದಡದಲ್ಲಿ ಕೂತು ಮಗುವಿಗೆಂದು ಒಯ್ದ ಬಾಳೆಹಣ್ಣನ್ನೆಲ್ಲ ನಾವೇ ತಿಂದು ಬಂದೆವು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದದ್ದೂ ಆಯಿತು. ಅತ್ತಯ್ಯ ವಿಜಯವಾಡದ ದುರ್ಗಮ್ಮನ ಬೆಟ್ಟಕ್ಕೆ ಹರಕೆ ಹೊತ್ತರು. ನಾನು ಪುಸ್ತಕ ಓದಿದೆ. ಹಲ್ಲು ಬರುವಾಗ ಹೀಗಾಗಬಹುದು ಎಂದಿತ್ತು, ಮೊದಲು ಬರುವುದು ಸಾಮಾನ್ಯವಾಗಿ ಕೆಳಗಿನ ಹಲ್ಲು ಎಂದೂ ಇತ್ತು. ಸರಿ, ದಿನಾ ಸಂಜೆ ಕೈ ತೊಳೆದು ಬಂದು ಮಗುವಿನ ಕೆಳವಸಡು ಸವರುತ್ತಿದ್ದೆ. ನುಣ್ಣಗೆ ಇರುತ್ತಿತ್ತು. ಸರಕು ಯಾವ ಮೂಲೆಯಲ್ಲಿ ಕೆಟ್ಟಿದೆಯೋ ಎಂದು ಡ್ರಮ್ಮಿನ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆಯಿಂದ ಸ್ಯಾಂಪಲ್ ತೆಗೆಯುವುದು ನನ್ನ ವೃತ್ತಿ. ಮನೆಯಲ್ಲಿ ಅರ್ಧ ಬಾಯಿ ನೋಡಿ ತೃಪ್ತಳಾಗುತ್ತಿದ್ದೆ. ಒಂದೆರಡು ಸಲ ಬೆರಳು ಮೇಲಕ್ಕೆ ಹೋಗುವುದರಲ್ಲಿತ್ತು. ಅಮ್ಮ ಮಗುವನ್ನು ಕಸಿದುಕೊಂಡಳು. “ಆ ಕೆಮಿಕಲ್ ಕೈ ಬಾಯಿಗೆ ಇಡ್ಬೇಡ್ವೆ. ಕಂಪನೀಲಿ ಏನೇನ್ ಮುಟ್ಟಿರ್ತೀಯೋ.”

ಆ ಮಾತು ನನ್ನನ್ನು ಎಷ್ಟು ಸುಟ್ಟಿತೆಂದರೆ ಮತ್ತೆ ಬೆರಳಿಡಲಿಲ್ಲ.

ಡಾಕ್ಟರ ಹತ್ತಿರ ಎಲ್ಲರೂ ಹೋದೆವು. ಆಸ್ಪತ್ರೆಯಲ್ಲಿ ಜಾತ್ರೆಯಷ್ಟು ಜನ, ಅವರಿಗೆ ಪುರುಸೊತ್ತಿಲ್ಲ. ಚಿನ್ನಿ ಬಾಯಿ ಬಿಗಿದು ಅವರ ಟಾರ್ಚನ್ನು ಒದ್ದಳು. ಚೀರಿದ ಒಂದು ಕ್ಷಣದಲ್ಲಿ ಗಂಟಲು ನೋಡಿ, “ಗಂಟಲು ಚೆನ್ನಾಗಿದೆ” ಎಂದರು. ಬರೆಯುತ್ತಲೇ ಕೇಳಿದರು: “ಪಳ್ಳು ವಚ್ಚಾಯಾ ಅಮ್ಮಾ?” ಹಲ್ಲು ಬಂದಿವೆಯೇ ಎಂದು. “ಲೇದಂಡಿ”, ಇಲ್ಲ, ಎಂದು ಅತ್ತಯ್ಯನೂ ಅಮ್ಮನೂ ಒಂದೇ ಉಸಿರಿನಲ್ಲಿ ಹೇಳಿದರು. ತರಕಾರಿಯವನೊಂದಿಗೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದ ಅಮ್ಮ ಅಷ್ಟು ಚೊಕ್ಕವಾದ ತೆಲುಗು ಆಡಿದ್ದು ಅದೇ ಮೊದಲು. ಆಟೋದಲ್ಲಿ ನಾನೇ ಅವಳನ್ನು ಹೊಗಳಿದೆ. “ಪರವಾಗಿಲ್ವೆ ಅಮ್ಮ, ತೆಲುಗು ಬಂದೇಬಿಡ್ತು!” ಅವಳು ಹೊರಗೆ ನೋಡುತ್ತಾ ಕೂತಿದ್ದಳು.

ಇನ್ನು ವಿಚಾರಣೆ ಶುರುವಾಯಿತು. ಆರೋಪಿ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ನಾನು ಕೆಲಸಕ್ಕೆ ಹೊರಟ ಮೇಲೆ ತಾನೇ ಮಗು ಊಟ ಬಿಟ್ಟದ್ದು? ಕೆಳಗಿನ ಮನೆಯವರು ನಾನು ಮೆಟ್ಟಿಲಿಳಿಯುವಾಗಲೆಲ್ಲ “ಪಾಪ ತಿಂದಾ?” ಎಂದು ಕೇಳುತ್ತಿದ್ದರು, ಮಗು ತಿಂದಿತೇ ಎಂದು. ಕೇಳುವಾಗ ಮುಖ ನೋಡದೆ ನನ್ನ ಹೆಗಲ ಚೀಲ ನೋಡುತ್ತಿದ್ದರು. ಗಂಡ ಬೈಯಲಿಲ್ಲ. ಅವನು ಒಳ್ಳೆಯವನು. ಒಳ್ಳೆಯವರು ಬೈಯುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ. “ನಿನ್ನಿಷ್ಟ. ನಾನು ಬಿಡು ಅನ್ನಲ್ಲ. ಆದ್ರೆ ಮಗು ನೋಡು” ಎನ್ನುತ್ತಿದ್ದ. ತಾನೂ ಕೆಲಸ ಬಿಡಬಹುದು ಎಂಬುದು ಅವನ ತಲೆಗೂ ಬರಲಿಲ್ಲ, ನಿಜ ಹೇಳಬೇಕೆಂದರೆ ನನ್ನ ತಲೆಗೂ ಬರಲಿಲ್ಲ. ಲ್ಯಾಬಿನಲ್ಲಿ ಇನ್ನಷ್ಟು ರಜೆ ಕೇಳಿದೆ. ಬಾಕಿ ಉಳಿದಿಲ್ಲ ಎಂದರು. ಅದು ಅವರ ತಪ್ಪೇನಲ್ಲ, ಉಳಿದಿರಲಿಲ್ಲ.

ಆದರೂ ನಾನು ಬಗ್ಗಿರಲಿಲ್ಲ. ಅಮ್ಮ ಇದ್ದಾಳಲ್ಲ, ನನ್ನ ಕೆಲಸಕ್ಕಾಗಿ ಅಪ್ಪನನ್ನು ಅರ್ಧ ಹೊಟ್ಟೆಯಲ್ಲಿ ಏಳಿಸಿದ ಅಮ್ಮ! ಎಲ್ಲರ ಎದುರು ಅವಳು ಒಂದು ಮಾತು ಆಡಲಿ ಎಂದು ಕಾಯುತ್ತಿದ್ದೆ. ಒಂದು ಭಾನುವಾರ ಅವಳು ಆಡಿದಳು. ಮಗುವಿಗೆ ಎಣ್ಣೆ ಹಚ್ಚುತ್ತಾ, ನನ್ನ ಮುಖ ನೋಡದೆ, “ಬಿಟ್ಬಿಡೆ ಅತ್ಲಾಗೆ. ಕೆಲಸ ಎಲ್ಲಿ ಹೋಗುತ್ತೆ? ನೀನು ಮನೇಲಿದ್ರೆ ಮಗು ಹಾಲಾದ್ರೂ ನೆಟ್ಟಗೆ ಕುಡಿಯುತ್ತೆ” ಎಂದಳು.

ಆ ವಾರವೇ ರಾಜೀನಾಮೆ ಕೊಟ್ಟೆ. ಕೋಟು ಹಿಂತಿರುಗಿಸಬೇಕಿತ್ತು. ಹೆಸರಿನ ದಾರ ಬಿಚ್ಚಿ ಕೊಡಲೇ ಎಂದು ಕೇಳಿದ್ದಕ್ಕೆ, ನಾನೇ ಕೈಹಿಡಿದು ಕೆಲಸ ಕಲಿಸಿದ್ದ ಹುಡುಗಿ “ಪರವಾಲೇದು ಮೇಡಂ, ನಾವೇ ತೆಗೀತೀವಿ” ಎಂದಳು. ಈಗ ಅವಳೇ ಆ ವಿಭಾಗಕ್ಕೆ ಮುಖ್ಯಸ್ಥೆ. ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಹಾಗಾಗಿ ಹೇಳುವುದಿಲ್ಲ.

ಮಗು ಇನ್ನೂ ಬಾಯಿ ತೆರೆದಿರಲಿಲ್ಲ, ಹರಕೆಯನ್ನಾದರೂ ಮೊದಲೇ ತೀರಿಸೋಣವೆಂದು ಎಲ್ಲರೂ ವಿಜಯವಾಡಕ್ಕೆ ಹೋದೆವು. ಅತ್ತಯ್ಯನ ಮನೆಯಲ್ಲಿ ಆ ಊರಿನ ಸೆಖೆಯ ಜೊತೆ ನೆಂಟರೂ ತುಂಬಿದ್ದರು. ಊಟ ಮುಗಿಸಿ ಹಜಾರದ ತಣ್ಣನೆಯ ನೆಲದ ಮೇಲೆ ಕೂತಿದ್ದೆವು. ಮಗು ನನ್ನ ತೊಡೆಯ ಮೇಲಿತ್ತು. ಯಾರೋ ತಂದಿಟ್ಟಿದ್ದ ಚಕ್ಕುಲಿಯ ಚೂರೊಂದನ್ನು ಹಿಡಿದು, ಬಾಯಿಗೆ ಹಾಕಿ, ಕಟಕ್ಕೆಂದು ಕಚ್ಚಿತು! ಕಚ್ಚಿ, ಆ ಸದ್ದಿಗೆ ತಾನೇ ಬೆರಗಾಗಿ ಬಾಯಿ ಅಗಲಿಸಿ ನಕ್ಕಿತು. ಮೇಲಿನ ವಸಡಿನಲ್ಲಿ ಎರಡು ಹಲ್ಲು. ನಿನ್ನೆ ಮೊನ್ನೆ ಒಡೆದ ಚುಕ್ಕೆಗಳಲ್ಲ, ಅಂಚು ಮೂಡಿದ ಹಲ್ಲು.

“ಹಲ್ಲು! ಅಮ್ಮಾ, ಹಲ್ಲು ಬಂದಿದೆ! ಅತ್ತಯ್ಯಾ!” ಎಂದು ನಾನು ಕಿರುಚಿದೆ. ಖುಷಿಯಲ್ಲಿ ತಲೆಯೆತ್ತಿ ನೋಡಿದರೆ ಇಬ್ಬರೂ ನನ್ನನ್ನೂ ನೋಡುತ್ತಿಲ್ಲ, ಮಗುವನ್ನೂ ನೋಡುತ್ತಿಲ್ಲ. ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇಬ್ಬರ ಮುಖದಲ್ಲೂ ಆಶ್ಚರ್ಯ ಎಂಬುದು ಎಳ್ಳಷ್ಟೂ ಇರಲಿಲ್ಲ.

ನಿಮ್ಮ ಕಡೆಯೂ ಈ ಮಾತು ಇರಬಹುದು. ಮೇಲಿನ ಹಲ್ಲು ಮೊದಲು ಬಂದರೆ ಮಗುವಿನ ಸೋದರಮಾವನಿಗೆ ಕೇಡು. ತಿಪಟೂರಿನಲ್ಲೂ ಹಾಗೇ ಹೇಳುತ್ತಾರೆ, ವಿಜಯವಾಡದಲ್ಲೂ ಹಾಗೇ ಹೇಳುತ್ತಾರೆ. ಇಬ್ಬರು ಬೀಗಿತ್ತಿಯರಿಗೆ ಒಂದು ಲೋಟ ನೀರು ಕೇಳಲೂ ಪರಸ್ಪರ ತಿಳಿಯುವ ಮಾತಿರಲಿಲ್ಲ, ಇದೊಂದು ಮಾತ್ರ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಚಿನ್ನಿಯ ಸೋದರಮಾವ ಎಂದರೆ ನನ್ನ ತಮ್ಮ, ಅಮ್ಮನ ಒಬ್ಬನೇ ಮಗ. ಆಗ ಅವನಿಗೆ ಹೆಣ್ಣು ನೋಡುತ್ತಿದ್ದರು.

ಅಡುಗೆಮನೆಯಲ್ಲಿ ಅತ್ತಯ್ಯನನ್ನು ಕೇಳಿದೆ, ನಿಮಗೆ ಗೊತ್ತಿತ್ತೇ ಎಂದು. ಅವರು ಸೆರಗಿನಿಂದ ಬೆವರು ಒರೆಸಿಕೊಂಡರು. “ಎಲಾ ಚೆಪ್ಪನಮ್ಮಾ?” ಎಂದರು, ಹೇಗೆ ಹೇಳಲಮ್ಮಾ ಎಂದು. ಗಂಡಿನ ಕಡೆಯವಳು ತಾನು. ನಿಮ್ಮ ಮಗನಿಗೆ ಕೇಡಿದೆ ಎಂದು ತನ್ನ ಬಾಯಿಂದ ಬಂದರೆ ವದಿನಗಾರು ಏನೆಂದುಕೊಳ್ಳುತ್ತಾರೆ? ಶಾಪ ಹಾಕಿದಂತೆ ಆಗುವುದಿಲ್ಲವೇ? ಅವರಾಗಿಯೇ ಹೇಳಲಿ ಎಂದು ಕಾದೆ, ಅವರು ಹೇಳಲಿಲ್ಲ, ಹಾಗಾಗಿ ನಾನೂ ಸುಮ್ಮನಿದ್ದೆ ಎಂದರು.

ಅಮ್ಮ ಹಿತ್ತಲಿನಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದಳು. “ಸ್ನಾನ ಮಾಡಿಸ್ವಾಗ ಕೈಗೆ ಸಿಕ್ತು ಕಣೆ. ವಸಡು ಊದಿತ್ತು” ಎಂದಳು. “ಯಾವಾಗ?” ಎಂದೆ. “ಊಟ ಬಿಟ್ಟ ಮೊದಲ್ನೇ ವಾರಾನೇ.” ಒಂದು ಚಡ್ಡಿಯನ್ನು ಎರಡು ಸಲ ಕೊಡವಿದಳು. “ಹೆಣ್ಣಿನ ಮನೆಯೋರು ಬಂದು ಹೋಗಿದ್ರು. ಇಂಥಾ ಮಾತು ಅವ್ರ ಕಿವಿಗೆ ಬಿದ್ರೆ ಸಂಬಂಧ ಮುರಿಯುತ್ತೆ. ನಿಂಗೆ ಹೇಳಿದ್ರೆ ನಿನ್ ಹೊಟ್ಟೇಲಿ ನಿಲ್ತಿರ್ಲಿಲ್ಲ. ಹೆಂಗೂ ಹಲ್ಲು ಬಂದ್ಮೇಲೆ ಮಗು ತಿನ್ನುತ್ತೆ, ಅಷ್ಟರ ತನಕ ತಾನೇ ಅಂದ್ಕೊಂಡೆ.”

ಅಷ್ಟರ ತನಕ. ಆ ಅಷ್ಟರೊಳಗೆ ಭಾನುವಾರ ಬಂದಿತ್ತು, ಬಿಟ್ಬಿಡೆ ಅತ್ಲಾಗೆ ಎಂಬ ಮಾತು ಬಂದಿತ್ತು, ರಾಜೀನಾಮೆ ಹೋಗಿತ್ತು. ಮಗುವಿಗೆ ಏನೂ ಆಗಿಲ್ಲವೆಂದು ಆ ಭಾನುವಾರ ಅವಳಿಗೆ ಗೊತ್ತಿತ್ತು. ಆ ವಸಡಿನ ಪಕ್ಕದಲ್ಲೇ ಅವಳ ಕೈ ಇತ್ತು. ಮಗಳ ಕೆಲಸವೋ ಮಗನ ಸಂಬಂಧವೋ ಎಂದು ಅವಳು ತೂಗಿ ನೋಡಿದಳೆಂದು ನಾನು ಹೇಳಲಾರೆ. ತೂಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ತೂಗಬೇಕಾದ ವಸ್ತು ಎಂದೇ ನನ್ನ ಕೆಲಸ ಅವಳಿಗೆ ಅನ್ನಿಸಲಿಲ್ಲ, ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಅಂದು ನಾನು ಏನೂ ಆಡಲಿಲ್ಲ. ಅಮ್ಮನಿಗದು ಬೀಗರ ಮನೆ, ತುಂಬ ನೆಂಟರು, ಹರಕೆಯ ದಿನ. ನನಗೂ ಮರ್ಯಾದೆಯ ರೋಗ ಅಂಟಿರಬೇಕು. ಲ್ಯಾಬಿಗೆ ಫೋನು ಮಾಡಿ ಕೇಳಿದ್ದೂ ಆಯಿತು. ಜಾಗ ತುಂಬಿದೆ ಎಂದರು.

ದೋಷಕ್ಕೆ ಪರಿಹಾರ ಇದ್ದೇ ಇರುತ್ತದಲ್ಲ. ತಮ್ಮನನ್ನು ರೈಲಿನಲ್ಲಿ ಕರೆಸಿದರು. ಬಟ್ಟಲಿನ ಎಣ್ಣೆಯಲ್ಲಿ ಮಗುವಿನ ಮುಖದ ನೆರಳು ನೋಡಬೇಕೆಂದರು. ಅವನು ಬಗ್ಗಿ, “ನನ್ ಮೂಗೇ ಕಾಣ್ತಿದೆ, ಮಗು ಎಲ್ಲಿದೆ?” ಎಂದು ಎಲ್ಲರನ್ನೂ ನಗಿಸಿ, ಎರಡು ಸಲ ಪುಳಿಹೋರ ಹಾಕಿಸಿಕೊಂಡು ಉಂಡು, ರಾತ್ರಿಯ ರೈಲಿಗೆ ಹೊರಟ. ಪಾಪ, ನನ್ನ ಕೆಲಸ ಹೋದ ಕಥೆ ಅವನಿಗೆ ಗೊತ್ತಿಲ್ಲ. ಅವನಿಗೆ ಏನೂ ಆಗಲೂ ಇಲ್ಲ. ಆ ಸಂಬಂಧ ತಾನಾಗಿಯೇ ತಪ್ಪಿತು, ಬೇರೆ ಕಡೆ ಮದುವೆಯಾಯಿತು, ಹೊಟ್ಟೆ ಬಂದಿದೆ, ಸ್ಕೂಟರ್ ಹೋಗಿ ಕಾರು ಬಂದಿದೆ. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ. ಮೇಲಿನ ಹಲ್ಲು ಯಾರನ್ನೋ ಹುಡುಕಿಕೊಂಡು ಬಂದು ದಾರಿ ತಪ್ಪಿ ನನ್ನ ಮನೆಗೆ ನುಗ್ಗಿತು ಎಂದು ಒಮ್ಮೊಮ್ಮೆ ನಗುತ್ತೇನೆ. ನಗುವಿಗೇನು, ಖರ್ಚಿಲ್ಲ.

ಚಿನ್ನಿ ಆ ವಾರದಿಂದಲೇ ಸರಿ, ಉಗ್ಗು, ಕುರ್ಚಿಯ ಕಾಲು, ಎಲ್ಲವನ್ನೂ ತಿಂದಳು. ನಾನು ಮನೆಯಲ್ಲೇ ಕೂತು ಉಣ್ಣಿಸಿದೆ. ಆಮೇಲೆ ಕೆಲಸ ಹುಡುಕಿದೆ. ನಡುವೆ ಯಾಕೆ ಬಿಟ್ಟಿರಿ ಎಂದು ಎಲ್ಲರೂ ಕೇಳಿದರು. ಮಗುವಿಗೆ ಹಲ್ಲು ಬಂದಿತ್ತು ಎಂದು ಹೇಳಲಾದೀತೇ? ಈಗ ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಬೆಳಿಗ್ಗೆ ಪರವಾಡದ ಕಂಪನಿ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಮನೆ ಬದಲಾಯಿಸುವಾಗ ಅದನ್ನು ನೋಡಿಕೊಳ್ಳಲಿಲ್ಲ.

ಅಮ್ಮ ಆಮೇಲೂ ಎಷ್ಟೋ ಸಲ ಬಂದಳು, ಹಿಟ್ಟಿನ ಡಬ್ಬ ತಂದಳು, ನನ್ನ ಬೆನ್ನಿಗೆ ಎಣ್ಣೆ ಹಚ್ಚಿದಳು. ಆ ಮಾತು ನಮ್ಮ ನಡುವೆ ಬರಲಿಲ್ಲ. ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇವತ್ತು, ಸೀದ ರವೆಯ ಬಾಣಲೆಯನ್ನು ನಲ್ಲಿಯ ಕೆಳಗಿಟ್ಟು, ನಾನೇ ಅವಳಿಗೆ ಫೋನು ಮಾಡಿದೆ. ಮಗು ಹೇಗಿದೆ ಎಂದು ಕೇಳಿದೆ. “ನಾಕ್ ದಿನದಿಂದ ಊಟ ಮುಟ್ಟಿರ್ಲಿಲ್ಲ ಕಣೆ. ಬಾಯಿ ಹತ್ರ ಚಮಚ ತಂದ್ರೆ ಚೀರಾಟ. ಸೊಸೆ ಅಳ್ತಾ ಕೂತ್ಬಿಟ್ಳು, ರಜೆ ಮುಗ್ದು ಬ್ಯಾಂಕಿಗೆ ವಾಪಸ್ ಹೋಗೋ ಹೊತ್ತಿಗೇ ಹಿಂಗಾಯ್ತಲ್ಲ, ಬಿಟ್ಬಿಡ್ತೀನಿ ಅಂತ. ನಾನು ವಸಡು ಮುಟ್ಟಿ ನೋಡ್ದೆ. ಮೇಲಿನ ಹಲ್ಲು! ತಕ್ಷಣ ಹೇಳ್ದೆ, ಏನಿಲ್ಲ ಕಣಮ್ಮ, ಹಲ್ಲು, ಎರಡು ದಿನ ಬಿಟ್ರೆ ತಿನ್ನುತ್ತೆ, ನೀನು ಹೋಗು ಅಂತ.”

ಈ ಮಗುವಿನ ಸೋದರಮಾವ ಅಮ್ಮನ ಮಗನಲ್ಲ, ಸೊಸೆಯ ಅಣ್ಣ. ಅದಕ್ಕೇ ನಾಲಿಗೆ ಇಷ್ಟು ಸಲೀಸಾಗಿ ಹೊರಳಿತೋ, ಅಥವಾ ಏಳು ವರ್ಷದಲ್ಲಿ ಅಮ್ಮ ಏನನ್ನಾದರೂ ಕಲಿತಳೋ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯಲಿ ಎಂದು ಕೇಳಿದೆ: “ಸೊಸೆಗೆ ಹೇಳಿಯೇಬಿಟ್ಯಾ ಅಮ್ಮ? ಅವಳ ಅಣ್ಣನ ವಿಷಯ ಅಲ್ವಾ?”

“ಹೇಳ್ದೆ ಇರೋಕಾಗುತ್ತಾ?” ಎಂದಳು ಅಮ್ಮ. “ಪಾಪ, ಅವಳು ಸೋಮವಾರ ಕೆಲಸಕ್ಕೆ ಹೋಗ್ಬೇಕಲ್ಲ.”

ಬೀದಿಯ ತುದಿಯಲ್ಲಿ ಕಂಪನಿ ಬಸ್ಸು ಹಾರ್ನ್ ಹಾಕಿತು. ಅದು ಹೋಗುವವರೆಗೆ ಕಾದೆ.

“ನಂಗೂ ಹೋಗ್ಬೇಕಿತ್ತಮ್ಮ” ಎಂದೆ.

ಅಮ್ಮನ ದನಿ ಬಹಳ ಸಣ್ಣದಾಗಿ ಬಂತು: “ಒಲೆ ಮೇಲೆ ಹಾಲಿಟ್ಟಿದೀನಿ ಕಣೆ. ಉಕ್ಕುತ್ತೆ. ಫೋನ್ ಇಡ್ಲಾ?”

“ಇಡು” ಎಂದೆ.